ಕಾರ್ಖಾನೆ ಹಾರೋಹಳ್ಳಿಗೆ ಹೋಗುತ್ತದೆ, ಸಂಸಾರ ಎಲ್ಲಿಗೆ?



ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯ ಮುಂತಾದ ಕಡೆಗಳಲ್ಲಿ ಬಾಡಿಗೆಯ ಷೆಡ್ಡುಗಳಲ್ಲಿ ಉದ್ಯಮ ನಡೆಸುತ್ತಿದ್ದ ನಮ್ಮ ಅನೇಕ ಸದಸ್ಯರು ಕೆಲವು ವರ್ಷಗಳಿಂದ ಹಾರೋಹಳ್ಳಿ ಕೈಗಾರಿಕಾ ಪ್ರದೇಶದತ್ತ ಮುಖ ಮಾಡಿದ್ದಾರೆ. ನಗರದೊಳಗೆ ಬಾಡಿಗೆ ಏರಿದೆ, ಲಾರಿಗಳ ಓಡಾಟಕ್ಕೆ ಹೊತ್ತಿನ ನಿರ್ಬಂಧವಿದೆ, ಸುತ್ತ ಮನೆಗಳೆದ್ದಿರುವುದರಿಂದ ಯಂತ್ರದ ಸದ್ದಿಗೂ ಆಕ್ಷೇಪಣೆ ಬರುತ್ತಿದೆ. ಆದುದರಿಂದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನಿವೇಶನ ಪಡೆದು ಕನಕಪುರ ರಸ್ತೆಗೆ ಹೋಗುವ ನಿರ್ಧಾರ ವ್ಯಾವಹಾರಿಕವಾಗಿ ಸರಿಯಾದುದೇ. ಅದನ್ನು ಪ್ರಶ್ನಿಸುವುದು ಈ ಲೇಖನದ ಉದ್ದೇಶವಲ್ಲ.

ನಾನು ಕೇಳಬಯಸುವ ಪ್ರಶ್ನೆ ಬೇರೆ. ಕಾರ್ಖಾನೆಯೇನೋ ಹಾರೋಹಳ್ಳಿಗೆ ಹೋಗುತ್ತದೆ. ಮಾಲೀಕರ ಸಂಸಾರ, ಅವರ ಫೋರ್‌ಮನ್ನನ ಸಂಸಾರ, ಲೆಕ್ಕ ಬರೆಯುವವರ ಸಂಸಾರ ಎಲ್ಲಿಗೆ ಹೋಗುತ್ತವೆ? ಮೂವತ್ತು ವರ್ಷಗಳಿಗೂ ಮಿಕ್ಕಿ ಸಣ್ಣ ಕೈಗಾರಿಕೆಗಳ ಲೆಕ್ಕಪತ್ರ ನೋಡುತ್ತ ಬಂದಿರುವ ನಾನು ಕಂಡಂತೆ, ಸ್ಥಳಾಂತರದ ಯೋಜನಾ ವರದಿಯಲ್ಲಿ ವಿದ್ಯುತ್ತಿಗೆ ಒಂದು ಪುಟ, ಸಾಲಕ್ಕೆ ನಾಲ್ಕು ಪುಟ ಇರುತ್ತವೆ. ಮನೆಯವರಿಗೆ ಒಂದು ಸಾಲೂ ಇರುವುದಿಲ್ಲ.

ನನ್ನದೇ ಒಂದು ತಪ್ಪು

ಪರರಿಗೆ ಉಪದೇಶಿಸುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. 2014ರಲ್ಲಿ ನನ್ನ ಕಕ್ಷಿದಾರರೊಬ್ಬರು ತಮ್ಮ ಘಟಕವನ್ನು ಹಾರೋಹಳ್ಳಿಗೆ ಒಯ್ದರು. ನಗರದಲ್ಲಿದ್ದ ಸ್ವಂತ ಮನೆಯನ್ನು ಮಾರಿ, ಕನಕಪುರ ರಸ್ತೆಯ ಆಚೆ ಒಂದು ಹೊಸ ಬಡಾವಣೆಯಲ್ಲಿ ನಿವೇಶನ ಕೊಂಡು ಮನೆ ಕಟ್ಟುವುದೆಂದು ತೀರ್ಮಾನವಾಯಿತು. ಬಂಡವಾಳ ಲಾಭದ ತೆರಿಗೆಗೆ ವಿನಾಯಿತಿ ದೊರೆಯುವಂತೆ ದಿನಾಂಕಗಳನ್ನು ಲೆಕ್ಕ ಹಾಕಿ ಕೊಟ್ಟವನು ನಾನೇ. ಕಾಗದದ ಮೇಲೆ ಎಲ್ಲವೂ ಅಚ್ಚುಕಟ್ಟಾಗಿತ್ತು.

ಆಮೇಲೆ ನಡೆದದ್ದು ಹೀಗೆ. ಬಡಾವಣೆಯ ಭೂಪರಿವರ್ತನೆ ಸಮರ್ಪಕವಾಗಿರಲಿಲ್ಲ. ಕಟ್ಟಡದ ನಕ್ಷೆಗೆ ಮಂಜೂರಾತಿ ಸಿಗಲಿಲ್ಲ. ಕುಟುಂಬವು ನಿವೇಶನದ ಸಮೀಪವೇ ಇರಲೆಂದು ಒಂದು ಬಾಡಿಗೆ ಮನೆ ಹಿಡಿಯಿತು. ಎರಡನೆಯ ಬೇಸಿಗೆಗೆ ಅಲ್ಲಿನ ಕೊಳವೆಬಾವಿ ಬತ್ತಿ, ಟ್ಯಾಂಕರಿನ ನೀರೇ ಗತಿಯಾಯಿತು. ಕಕ್ಷಿದಾರರ ತಾಯಿಯವರಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗಬೇಕಿತ್ತು. ಹಳೆಯ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿಯಾಗಿದ್ದ ಆಸ್ಪತ್ರೆ ಈಗ ಅರ್ಧ ದಿನದ ಪ್ರಯಾಣವಾಯಿತು. ಕೊನೆಗೆ ಅವರನ್ನು ತುಮಕೂರಿನ ಮಗಳ ಮನೆಗೆ ಕಳುಹಿಸಿದರು. ಅವರು ತೀರಿಕೊಂಡದ್ದೂ ಅಲ್ಲಿಯೇ. ಮೂರು ವರ್ಷ ಮುಗಿದಾಗ ಹೊಸ ಮನೆಯ ತಳಪಾಯವೂ ಆಗಿರಲಿಲ್ಲವಾದ್ದರಿಂದ, ನಾನು ಉಳಿಸಿಕೊಟ್ಟೆನೆಂದುಕೊಂಡಿದ್ದ ತೆರಿಗೆಯನ್ನೂ ಕಟ್ಟಬೇಕಾಯಿತು.

ಆ ಕಕ್ಷಿದಾರರ ಪತ್ನಿ ಒಮ್ಮೆ ನನ್ನ ಕಚೇರಿಗೆ ಬಂದಿದ್ದಾಗ ಹೇಳಿದ ಮಾತು ಇಂದಿಗೂ ನೆನಪಿದೆ: "ಕಾರ್ಖಾನೆಗೆ ಜಾಗ ನೋಡೋಕೆ ನೀವೆಲ್ಲ ಆರು ಸಲ ಹೋಗಿದ್ರಿ ಸಾರ್. ಮನೆಗೆ ಜಾಗ ನೋಡೋಕೆ ಹೋಗಿದ್ದು ಒಂದೇ ಸಲ, ಅದೂ ಭಾನುವಾರ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಾರಾಟದ ದಿನಾಂಕ, ಮೊತ್ತ, ಖಾತೆ ಸಂಖ್ಯೆ ಇವೆಲ್ಲವನ್ನೂ ಕೇಳಿದ್ದ ನಾನು, ಮನೆಯಲ್ಲಿ ಯಾರು ಯಾರಿದ್ದಾರೆ, ಅವರು ದಿನವೂ ಎಲ್ಲಿಗೆ ಹೋಗಬೇಕು ಎಂದು ಕೇಳಿರಲಿಲ್ಲ.

ಇರುವಲ್ಲೇ ಇದ್ದು ಓಡಾಡುವುದರ ಲೆಕ್ಕ

ಇಂತಹ ತೊಂದರೆಯೇ ಬೇಡವೆಂದು ಬಹಳ ಮಂದಿ ಸಂಸಾರವನ್ನು ಹಳೆಯ ಮನೆಯಲ್ಲೇ ಬಿಟ್ಟು ತಾವು ಮಾತ್ರ ಓಡಾಡುತ್ತಾರೆ. ಇದು ಖರ್ಚಿಲ್ಲದ ದಾರಿಯೆಂಬ ಭಾವನೆಯಿದೆ. ಆದರೆ ಲೆಕ್ಕ ಹಾಕಿ ನೋಡೋಣ. ಪೀಣ್ಯದ ಕಡೆಯಿಂದ ನೈಸ್ ರಸ್ತೆ ಹಿಡಿದು ಹಾರೋಹಳ್ಳಿಗೆ ಹೋಗಲು ಸುಮಾರು 50 ಕಿ.ಮೀ. ಆಗುತ್ತದೆ. ಹೋಗಿಬರಲು ಮೂರು ಗಂಟೆಯೆಂದು ಹಿಡಿದರೆ, ತಿಂಗಳಿಗೆ 25 ದಿನಗಳಂತೆ ವರ್ಷಕ್ಕೆ 900 ಗಂಟೆ. ಎಂಟು ಗಂಟೆಯ ಒಂದು ಕೆಲಸದ ದಿನವೆಂದರೆ ಇದು 112 ದಿನಗಳಿಗೂ ಮೀರುತ್ತದೆ. ವಾಹನ ಓಡುವುದು 30,000 ಕಿ.ಮೀ.; ಕಿಲೋಮೀಟರಿಗೆ ಹತ್ತು ರೂಪಾಯಿಯೆಂದರೂ ಮೂರು ಲಕ್ಷ, ಟೋಲ್ ಬೇರೆ.

ಹಣದ ಮೊತ್ತವನ್ನು ವಾಹನ ವೆಚ್ಚದ ಖಾತೆಗೆ ಹಾಕಬಹುದು. 112 ದಿನಗಳನ್ನು ಯಾವ ಖಾತೆಗೆ ಹಾಕುವುದು? ಮಕ್ಕಳು ಮಲಗಿದ ಮೇಲೆ ಮನೆ ಸೇರುವ, ಅವರು ಏಳುವ ಮೊದಲೇ ಹೊರಡುವ ಉದ್ಯಮಿಗಳನ್ನು ನಾನು ಕಂಡಿದ್ದೇನೆ. ಇರುವಲ್ಲೇ ಇರುವುದು ಕೆಲವರಿಗೆ ಸರಿಯಾದ ನಿರ್ಧಾರವಾಗಿರಬಹುದು. ಮಗ ಅಥವಾ ಮಗಳು ಎಸ್ಸೆಸ್ಸೆಲ್ಸಿಯಲ್ಲೋ ದ್ವಿತೀಯ ಪಿಯುಸಿಯಲ್ಲೋ ಇದ್ದರೆ ಒಂದು ವರ್ಷ ಕಾಯುವುದೇ ಮೇಲು. ಆದರೆ ಅದು ಲೆಕ್ಕ ಹಾಕಿ ಮಾಡಿದ ನಿರ್ಧಾರವಾಗಿರಬೇಕೇ ಹೊರತು ನಿರ್ಧಾರ ಮಾಡದೆ ಉಳಿದ ಸ್ಥಿತಿಯಾಗಿರಬಾರದು.

ರಸ್ತೆಯುದ್ದಕ್ಕೂ ಇರುವ ಆಯ್ಕೆಗಳು

ಹಾರೋಹಳ್ಳಿಯ ಸುತ್ತ ಮನೆ ನೋಡುವವರಿಗೆ ಸ್ಥೂಲವಾಗಿ ಐದು ಆಯ್ಕೆಗಳಿವೆ.

ಮೊದಲನೆಯದು ಕೋಣನಕುಂಟೆಯಿಂದ ತಲಘಟ್ಟಪುರದವರೆಗಿನ ಭಾಗ. ಮೆಟ್ರೋ ಹಸಿರು ಮಾರ್ಗವು 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಣೆಯಾದ ಮೇಲೆ ಪೀಣ್ಯ, ರಾಜಾಜಿನಗರ, ಜಯನಗರಗಳಿಂದ ಇಲ್ಲಿಗೆ ರೈಲು ಬದಲಿಸದೆ ಬರಬಹುದು. ಹಳೆಯ ವೈದ್ಯರು, ಹಳೆಯ ನೆಂಟರು, ಹಳೆಯ ಗಿರಾಕಿಗಳ ಸಂಪರ್ಕ ತಪ್ಪುವುದಿಲ್ಲ. ಇಲ್ಲಿಂದ ಹಾರೋಹಳ್ಳಿ ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲಿದೆ, ಬೆಳಿಗ್ಗೆ ನಗರದಿಂದ ಹೊರಕ್ಕೆ, ಸಂಜೆ ಒಳಕ್ಕೆ, ಅಂದರೆ ದಟ್ಟಣೆಯ ವಿರುದ್ಧ ದಿಕ್ಕಿನಲ್ಲಿ ಪ್ರಯಾಣ. ಬಾಡಿಗೆ ಮಾತ್ರ ಉಳಿದ ಕಡೆಗಳಿಗಿಂತ ಹೆಚ್ಚು.

ಎರಡನೆಯದು ಕಗ್ಗಲೀಪುರ, ಸೋಮನಹಳ್ಳಿ ಸುತ್ತಮುತ್ತ. ಹೊಸ ಬಡಾವಣೆಗಳ ಜಾಹೀರಾತು ಅತಿ ಹೆಚ್ಚು ಕಾಣುವುದು ಇಲ್ಲಿಯೇ. ಗಾಳಿ ಬೆಳಕು ಚೆನ್ನಾಗಿದೆ, ದೂರವೂ ಕಡಿಮೆ. ಆದರೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಹತ್ತಿರದಲ್ಲೇ ಇದೆ. ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ 2020ರಲ್ಲಿ ಹೊರಟಿದೆ. ಕೊಳ್ಳುವ ಜಾಗ ಆ ವಲಯದೊಳಗೆ ಬರುತ್ತದೆಯೇ, ಆನೆಗಳ ಓಡಾಟದ ದಾರಿಯಲ್ಲಿದೆಯೇ ಎಂಬುದನ್ನು ವಿಚಾರಿಸದೆ ಮುಂಗಡ ಕೊಡಬಾರದು.

ಮೂರನೆಯದು ಹಾರೋಹಳ್ಳಿಯೇ. ಹಿಂದೆ ಕನಕಪುರ ತಾಲ್ಲೂಕಿನ ಹೋಬಳಿಯಾಗಿದ್ದ ಊರು ಈಗ ತಾಲ್ಲೂಕು ಕೇಂದ್ರ. ಸಮೀಪದ ದೇವರಕಗ್ಗಲಹಳ್ಳಿಯಲ್ಲಿ ದಯಾನಂದ ಸಾಗರ್ ವಿಶ್ವವಿದ್ಯಾಲಯವೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಹತ್ತು ವರ್ಷಗಳ ಹಿಂದೆ ಇಲ್ಲಿ ಸಂಸಾರ ಹೂಡಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಇಂದು, ಪಾಳಿಯ ಮೇಲೆ ದುಡಿಯುವ ಮೇಲ್ವಿಚಾರಕರಿಗೆ ಹಾಗೂ ಮಕ್ಕಳು ಚಿಕ್ಕವರಿರುವ ದಂಪತಿಗಳಿಗೆ ಇದು ಪರಿಗಣಿಸತಕ್ಕ ಆಯ್ಕೆ. ಕೈಗಾರಿಕಾ ಪ್ರದೇಶದ ಬೇಲಿಗೆ ತಾಗಿದ ಮನೆ ಮಾತ್ರ ಬೇಡ. ಅಲ್ಲಿನ ಗಾಳಿ ಹೇಗಿದೆಯೆಂಬುದು ಭಾನುವಾರ ತಿಳಿಯುವುದಿಲ್ಲ. ಕೆಲಸದ ದಿನ ರಾತ್ರಿ ಒಂಬತ್ತಕ್ಕೆ ಹೋಗಿ ನಿಂತು ನೋಡಬೇಕು.

ನಾಲ್ಕನೆಯದು ಕನಕಪುರ. ಹಾರೋಹಳ್ಳಿಯಿಂದ ಸುಮಾರು 20 ಕಿ.ಮೀ. ಮುಂದಿರುವ ಈ ಊರನ್ನು ಬೆಂಗಳೂರಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಬಡಾವಣೆಗೂ ಊರಿಗೂ ವ್ಯತ್ಯಾಸವಿದೆ. ಕನಕಪುರದಲ್ಲಿ ಸಂತೆಯಿದೆ, ಬ್ಯಾಂಕುಗಳಿವೆ, ನ್ಯಾಯಾಲಯವಿದೆ; ಎಸ್. ಕರಿಯಪ್ಪನವರು ಕಟ್ಟಿದ ರೂರಲ್ ಎಜುಕೇಶನ್ ಸೊಸೈಟಿಯ ವಿದ್ಯಾಸಂಸ್ಥೆಗಳಿವೆ. ವಯಸ್ಸಾದ ತಂದೆತಾಯಿ ಸಂಜೆ ನಡೆದುಹೋಗಿ ನಾಲ್ಕು ಜನರೊಡನೆ ಮಾತನಾಡಿ ಬರುವಂತಹ ಊರು ಅದು.

ಐದನೆಯದು ಬಿಡದಿ, ರಾಮನಗರ. ಹಾರೋಹಳ್ಳಿಗೆ ರೈಲಿಲ್ಲ, ಇವೆರಡೂ ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿವೆ. ಪತಿಗೆ ಹಾರೋಹಳ್ಳಿಯಲ್ಲಿ ಕೆಲಸವಿದ್ದು ಪತ್ನಿಗೆ ಬೆಂಗಳೂರಿನಲ್ಲೋ ಮಂಡ್ಯದಲ್ಲೋ ನೌಕರಿಯಿದ್ದರೆ ಇವು ಅನುಕೂಲ. ಅಡ್ಡ ರಸ್ತೆಯಲ್ಲಿ ಹಾರೋಹಳ್ಳಿಗೆ ಬರಬೇಕಾದ್ದರಿಂದ ಮಳೆಗಾಲದ ಸಂಜೆಯೊಂದರಲ್ಲಿ ಆ ದಾರಿಯನ್ನು ಖುದ್ದಾಗಿ ನೋಡುವುದು ಅವಶ್ಯ.

ಇವುಗಳಲ್ಲಿ ಯಾವುದು ಉತ್ತಮ ಎಂದು ನನ್ನನ್ನು ಕೇಳುವವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಮನೆಯಲ್ಲಿ ತನ್ನ ಪ್ರಯಾಣವನ್ನು ಬದಲಿಸಿಕೊಳ್ಳಲಾಗದವರು ಯಾರು? ಮಾಲೀಕನು ಹತ್ತು ಗಂಟೆಗೆ ಹೋದರೂ ನಡೆಯುತ್ತದೆ. ಶಾಲೆಯ ಮಗುವಿಗೆ, ಆಸ್ಪತ್ರೆಗೆ ಹೋಗಬೇಕಾದ ತಾಯಿಗೆ, ಬಸ್ಸನ್ನೇ ನಂಬಿದ ಪತ್ನಿಗೆ ಹಾಗಲ್ಲ. ಅಂತಹವರ ಪ್ರಯಾಣಕ್ಕೆ ಹೊಂದುವ ಊರೇ ನಿಮಗೆ ಉತ್ತಮ ಊರು. ಕಾರ್ಖಾನೆಗೆ ಹತ್ತಿರವೆಂಬುದು ಎರಡನೆಯ ಮಾತು. ಮುಂದೆ ಬೆಲೆ ಏರುತ್ತದೆಂಬುದು ಮೂರನೆಯ ಮಾತೂ ಅಲ್ಲ.

ನೀರು ಮತ್ತು ಕಾಗದಪತ್ರ

ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಹೋಗುವ ಕಾವೇರಿ ನೀರನ್ನು ಹಾರೋಹಳ್ಳಿಯ ಪಂಪಿಂಗ್ ಕೇಂದ್ರದಿಂದಲೇ ಮುಂದಕ್ಕೆ ಎತ್ತುತ್ತಾರೆ. ಆ ಬೃಹತ್ ಕೊಳವೆಗಳು ರಸ್ತೆಯ ಪಕ್ಕದಲ್ಲಿ ಕಂಡ ಮಾತ್ರಕ್ಕೆ ಪಕ್ಕದ ಬಡಾವಣೆಗೆ ಕಾವೇರಿ ನೀರಿದೆಯೆಂದು ತಿಳಿಯಬಾರದು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೆಯ ಹಂತದ 775 ದಶಲಕ್ಷ ಲೀಟರ್ ಯೋಜನೆ ಉದ್ದೇಶಿಸಿರುವುದು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳನ್ನು. ಅದೇ ವರ್ಷದ ಬೇಸಿಗೆಯಲ್ಲಿ ನಗರದ ಅಂಚಿನ ಬಡಾವಣೆಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಮನೆ ನೋಡುವಾಗ ಮಾರುವವರನ್ನು ನೀರಿನ ಬಗ್ಗೆ ಕೇಳಬೇಡಿ. ಪಕ್ಕದ ಮನೆಯ ಗೃಹಿಣಿಯನ್ನು ಏಪ್ರಿಲ್ ತಿಂಗಳಲ್ಲಿ ಟ್ಯಾಂಕರಿಗೆ ಎಷ್ಟು ಕೊಟ್ಟಿರೆಂದು ಕೇಳಿ.

ಇನ್ನು ಹೆಸರಿನ ಗೊಂದಲ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದಾಗ ಅವುಗಳಲ್ಲಿ ಒಂದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಬೆಂಗಳೂರು ದಕ್ಷಿಣ ತಾಲ್ಲೂಕು ಮೊದಲಿನಿಂದಲೇ ಇದೆ. ಜಾಹೀರಾತಿನಲ್ಲಿ "ಬೆಂಗಳೂರು ದಕ್ಷಿಣ" ಎಂದು ಓದಿದ ಕೂಡಲೇ ನಗರದೊಳಗಿನ ಸೌಲಭ್ಯ ದೊರೆಯುವುದೆಂದು ಭಾವಿಸದೆ, ಆಸ್ತಿಯು ಪಾಲಿಕೆಗೆ ಸೇರಿದೆಯೋ, ಪಟ್ಟಣ ಪಂಚಾಯಿತಿಗೋ, ಗ್ರಾಮ ಪಂಚಾಯಿತಿಗೋ ಎಂದು ಕೇಳತಕ್ಕದ್ದು. ಕನಕಪುರ ರಸ್ತೆಯ ಎರಡನೆಯ ವಿಮಾನ ನಿಲ್ದಾಣದ ಮಾತೂ ಅಷ್ಟೇ. 2025ರ ಏಪ್ರಿಲ್‌ನಲ್ಲಿ ಕೇಂದ್ರದ ತಂಡ ಇಲ್ಲಿ ಎರಡು ಜಾಗಗಳನ್ನೂ ಕುಣಿಗಲ್ ರಸ್ತೆಯಲ್ಲಿ ಒಂದನ್ನೂ ಪರಿಶೀಲಿಸಿತು. ಪರಿಶೀಲನೆಗೆ ಬೆಲೆ ತೆರುವುದು ವ್ಯಾಪಾರಸ್ಥರ ಲಕ್ಷಣವಲ್ಲ.

ಕಾಗದಪತ್ರಗಳಲ್ಲಿ ಕನಿಷ್ಠ ನಾಲ್ಕನ್ನು ನೋಡಬೇಕು: ಭೂಪರಿವರ್ತನೆಯ ಆದೇಶ, ಯೋಜನಾ ಪ್ರಾಧಿಕಾರದ ಮಂಜೂರಾತಿ, ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಬಡಾವಣೆ 500 ಚದರ ಮೀಟರಿಗೆ ಮೀರಿದ್ದರೆ ರೇರಾ ನೋಂದಣಿ. ಜೊತೆಗೆ, ಮೂಲ ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದನ್ನು ವಕೀಲರಿಂದ ಪರಿಶೀಲಿಸಿಕೊಳ್ಳಿ. 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಂತಹ ಜಮೀನಿನ ಮಾರಾಟ ಊರ್ಜಿತವಲ್ಲ.

ಒಂದು ಶೈಕ್ಷಣಿಕ ವರ್ಷ ಬಾಡಿಗೆಗಿರಿ

ಇಷ್ಟೆಲ್ಲ ವಿಚಾರಿಸಿದರೂ, ವಾಸಿಸದೆ ತಿಳಿಯದ ಸಂಗತಿಗಳು ಉಳಿದೇ ಉಳಿಯುತ್ತವೆ. ಆದುದರಿಂದ ನನ್ನ ಖಚಿತ ಅಭಿಪ್ರಾಯವಿಷ್ಟು: ಕಾರ್ಖಾನೆಯನ್ನು ಸ್ಥಳಾಂತರಿಸುವ ವರ್ಷ ಮನೆ ಕೊಳ್ಳಬೇಡಿ. ಹಳೆಯ ಮನೆ ಸ್ವಂತದ್ದಾದರೆ ಅದನ್ನು ಮಾರದೆ ಬಾಡಿಗೆಗೆ ಕೊಟ್ಟು, ಆರಿಸಿದ ಊರಿನಲ್ಲಿ ಜೂನ್‌ನಿಂದ ಮಾರನೆಯ ಮೇವರೆಗೆ ಬಾಡಿಗೆಗಿರಿ. ಒಂದು ಮಳೆಗಾಲ, ಒಂದು ಬೇಸಿಗೆ, ಮಕ್ಕಳ ಒಂದು ಪೂರ್ಣ ವರ್ಷ ಕಳೆಯಲಿ. ಆಮೇಲೆ ಮನೆಯವರೆಲ್ಲ ಕುಳಿತು ತೀರ್ಮಾನಿಸಿ.

ಬಾಡಿಗೆಯ ಹಣ ದಂಡವೆಂದು ಹೇಳುವವರಿಗೆ ಒಂದು ಲೆಕ್ಕ. 45 ಲಕ್ಷಕ್ಕೆ ಮೀರಿದ ಸ್ವತ್ತಿಗೆ ಮುದ್ರಾಂಕ ಶುಲ್ಕ ಶೇ. 5, ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿಸಲಾಗಿದೆ. ಸೆಸ್, ಸರ್ಚಾರ್ಜು ಸೇರಿ ಒಟ್ಟು ಶೇ. 7.6ರಷ್ಟಾಗುತ್ತದೆ. 80 ಲಕ್ಷದ ಮನೆಗೆ ಇದು ಆರು ಲಕ್ಷಕ್ಕೂ ಹೆಚ್ಚು. ತಪ್ಪು ಜಾಗದಲ್ಲಿ ಕೊಂಡು ಮಾರಬೇಕಾಗಿ ಬಂದರೆ ಈ ಹಣ ಹಿಂದಕ್ಕೆ ಬರುವುದಿಲ್ಲ. ತಿಂಗಳಿಗೆ 20,000 ಬಾಡಿಗೆಯೆಂದರೂ ವರ್ಷಕ್ಕೆ 2 ಲಕ್ಷ 40 ಸಾವಿರ. ಯಾವುದು ದಂಡವೆಂಬುದನ್ನು ಓದುಗರೇ ನಿರ್ಣಯಿಸಲಿ.

ತೆರಿಗೆಯ ಕಾರಣದಿಂದ ಅವಸರ ಮಾಡುವವರೂ ಇದ್ದಾರೆ. ಅವರು ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದಾಗಿ, ಮನೆ ಮಾರಿದ ದೀರ್ಘಾವಧಿ ಲಾಭಕ್ಕೆ ವಿನಾಯಿತಿ ಪಡೆಯಲು ಮತ್ತೊಂದು ಮನೆ ಕೊಳ್ಳುವುದಾದರೆ ಎರಡು ವರ್ಷ, ಕಟ್ಟುವುದಾದರೆ ಮೂರು ವರ್ಷ ಅವಕಾಶವಿದೆ. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಟ್ಟರೆ ಸಾಕು. ಅಂದರೆ ಕಾಯ್ದೆಯೇ ನಿಮಗೆ ಒಂದು ವರ್ಷ ಬಾಡಿಗೆಗಿದ್ದು ನೋಡುವ ಸಮಯ ಕೊಟ್ಟಿದೆ. ಎರಡನೆಯದಾಗಿ, ನಗರ ಪ್ರದೇಶದಿಂದ ಕೈಗಾರಿಕೆ ಸ್ಥಳಾಂತರಿಸುವವರಿಗೆ 1961ರ ಕಾಯ್ದೆಯ 54ಜಿ ಕಲಮು ಕೊಟ್ಟಿದ್ದ ವಿನಾಯಿತಿ ಹೊಸ ಜಾಗದ ಭೂಮಿ, ಕಟ್ಟಡ, ಯಂತ್ರಗಳಿಗೆ ಸಂಬಂಧಿಸಿದ್ದು. ವಾಸದ ಮನೆಗೆ ಅಲ್ಲ. 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆಯಾದ್ದರಿಂದ ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸಿಯೇ ಮುಂದುವರಿಯಿರಿ. ಕಾರ್ಖಾನೆಯ ಹಣದ ಚೀಲವೂ ಮನೆಯ ಹಣದ ಚೀಲವೂ ಬೇರೆ ಬೇರೆ ಇರಲಿ.

ಸಂಸ್ಥೆಗೆ ಒಂದು ವಿನಂತಿ

ಕೊನೆಯದಾಗಿ, ಇದು ಮಾಲೀಕರೊಬ್ಬರ ಸಮಸ್ಯೆಯಷ್ಟೇ ಅಲ್ಲ. ಸ್ವಾತಂತ್ರ್ಯಾನಂತರ ಬೆಂಗಳೂರಿಗೆ ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದಾಗ ಅವುಗಳ ಜೊತೆಯಲ್ಲೇ ವಸತಿ, ಶಾಲೆ, ಆಸ್ಪತ್ರೆ ಬಂದವು. ದೂರವಾಣಿನಗರದಂತಹ ಊರೇ ಎದ್ದಿತು. ಸಣ್ಣ ಕೈಗಾರಿಕೆಗೆ ಆ ಶಕ್ತಿಯಿಲ್ಲ. ಇಪ್ಪತ್ತು ವರ್ಷ ಜೊತೆಗಿದ್ದ ಟರ್ನರ್ ಅಥವಾ ಫಿಟ್ಟರ್, ಕಾರ್ಖಾನೆ ಹಾರೋಹಳ್ಳಿಗೆ ಹೋದ ಆರು ತಿಂಗಳಲ್ಲಿ ಪೀಣ್ಯದ ಬೇರೊಂದು ಷೆಡ್ಡು ಸೇರುತ್ತಾನೆ. ಸಂಬಳ ಸಾಲದೆ ಹೋಗುವುದಲ್ಲ. ಹೆಂಡತಿ ಮಕ್ಕಳನ್ನು ಎಲ್ಲಿಡಬೇಕೆಂದು ತಿಳಿಯದೆ ಹೋಗುವುದು.

ಒಬ್ಬೊಬ್ಬರಾಗಿ ಆಗದ ಕೆಲಸವನ್ನು ಸಂಸ್ಥೆಯ ಮೂಲಕ ಮಾಡಬಹುದು. ರೇಷ್ಮೆ ಸಂಸ್ಥೆ ಮೆಟ್ರೋ ನಿಲ್ದಾಣದಿಂದ ಕೈಗಾರಿಕಾ ಪ್ರದೇಶದ ಎಲ್ಲ ಹಂತಗಳಿಗೂ ಪಾಳಿಯ ವೇಳೆಗೆ ಸರಿಯಾಗಿ ಸರ್ಕಾರಿ ಬಸ್ಸುಗಳು ಸಿಗುವಂತೆ ಸಾರಿಗೆ ಸಂಸ್ಥೆಗಳನ್ನು ಒತ್ತಾಯಿಸೋಣ. 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿರುವುದರಿಂದ ನಮ್ಮ ಮಹಿಳಾ ಕೆಲಸಗಾರರಿಗೆ ಇದರ ಪ್ರಯೋಜನ ಹೆಚ್ಚು. ಕೈಗಾರಿಕಾ ಪ್ರದೇಶದ ಮುಂದಿನ ವಿಸ್ತರಣೆಯಲ್ಲಿ ಬಾಡಿಗೆ ವಸತಿಗೆಂದೇ ಜಾಗ ಮೀಸಲಿಡುವಂತೆ ಮಂಡಳಿಯನ್ನು ಕೇಳೋಣ. ಸ್ಥಳಾಂತರಗೊಂಡ ಸದಸ್ಯರು ತಮ್ಮ ಅನುಭವವನ್ನು, ಯಾವ ಊರಿನಲ್ಲಿದ್ದೀರಿ, ನೀರು ಶಾಲೆ ವೈದ್ಯರ ಸ್ಥಿತಿ ಹೇಗಿದೆ ಎಂಬುದನ್ನು, ಈ ಪತ್ರಿಕೆಗೆ ಬರೆದು ತಿಳಿಸಿದರೆ ಮುಂದೆ ಹೋಗುವವರಿಗೆ ಬಹಳ ಉಪಕಾರವಾದೀತು.

ಈಗ ನನ್ನ ಕಚೇರಿಯಲ್ಲಿ ಸ್ಥಳಾಂತರದ ಯೋಜನಾ ವರದಿ ತಯಾರಿಸುವಾಗ ಮೊದಲ ಪುಟದಲ್ಲಿ ಮನೆಯ ಸದಸ್ಯರ ಪಟ್ಟಿ ಬರೆಯಿಸುತ್ತೇನೆ: ಹೆಸರು, ವಯಸ್ಸು, ದಿನವೂ ಹೋಗಬೇಕಾದ ಸ್ಥಳ. ಬ್ಯಾಂಕಿನವರು ಆ ಪುಟವನ್ನು ಕೇಳುವುದಿಲ್ಲ. ಕಕ್ಷಿದಾರರು ಅದನ್ನು ತುಂಬುವಾಗ ಪತ್ನಿಗೆ ದೂರವಾಣಿ ಮಾಡಿ ಕೇಳುತ್ತಾರೆ. ನನಗೆ ಬೇಕಾದದ್ದೂ ಅದೇ.